ಬೆಂಕಿಯಿಂದ ತಂಪು: ಮನೆವಾಹನದ ಫ್ರಿಡ್ಜ್‌ಗೆ ಅಷ್ಟು ಹೊತ್ತೇಕೆ?

ಜೂನ್ ತಿಂಗಳು ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಗಳನ್ನೆಲ್ಲ ಹೊತ್ತು ಓಡುವ ವಾಹನಗಳ ಸಾಲು ಕಾಣತೊಡಗುತ್ತದೆ. ಶಾಲೆಗಳಿಗೆ ರಜೆ ಸಿಕ್ಕ ಕುಟುಂಬಗಳು ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್, ಯೊಸೆಮಿಟಿಗಳತ್ತ ಹೊರಡುತ್ತವೆ. ‘ಆರ್‌ವಿ’ ಎಂಬ ಎರಡಕ್ಷರದಿಂದಲೇ ಗುರುತಾಗಿರುವ ಈ ಮನೆವಾಹನಗಳನ್ನು ಬಾಡಿಗೆಗೆ ಹಿಡಿಯುವವರಲ್ಲಿ ಅಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಪ್ರಯಾಣದ ಹಿಂದಿನ ಸಂಜೆ ಹಾಲು, ತರಕಾರಿ, ಮೊಸರು, ದೋಸೆ ಹಿಟ್ಟುಗಳೆಲ್ಲ ವಾಹನದ ಬಾಗಿಲ ಬಳಿ ಬಂದು ಕುಳಿತಿರುತ್ತವೆ. ಗುಂಡಿ ಒತ್ತಿ ಅರ್ಧ ಗಂಟೆ ಕಳೆದ ಮೇಲೆ ಫ್ರಿಡ್ಜಿನ ಬಾಗಿಲು ತೆರೆದು ಕೈಯಾಡಿಸಿದರೆ ಒಳಗೆ ತಂಪಿನ ಸುಳಿವೇ ಇರುವುದಿಲ್ಲ, ಯಂತ್ರದಿಂದ ಸದ್ದೂ ಇಲ್ಲ. ಫ್ರಿಡ್ಜ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಹೆಚ್ಚಿನವರು ಬರುವುದು ಇಂಥ ಹೊತ್ತಿನಲ್ಲಿ, ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಆ ತೀರ್ಮಾನ ತಪ್ಪಾಗಿರುತ್ತದೆ.

ಮನೆವಾಹನಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ, ಅನಿಲದ ಉರಿಯಿಂದಲೂ ವಿದ್ಯುತ್ತಿನಿಂದಲೂ ನಡೆಯುವ ಫ್ರಿಡ್ಜ್ ಖಾಲಿಯಿದ್ದಾಗಲೂ ಬಳಕೆಗೆ ತಕ್ಕಷ್ಟು ತಣ್ಣಗಾಗಲು ಆರರಿಂದ ಎಂಟು ಗಂಟೆ ಬೇಕು. ಸಾಮಾನು ತುಂಬಿಸಿದ ಮೇಲೆ ಎಲ್ಲ ಮೂಲೆಗಳಲ್ಲೂ ಒಂದೇ ಬಗೆಯ ತಂಪು ನೆಲೆಗೊಳ್ಳಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯುವುದು ಸಹಜ. ಇತ್ತೀಚಿನ ವಾಹನಗಳಲ್ಲಿ ಕಾಣುವ, ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಡ್ಜಾದರೆ ಖಾಲಿಯಿದ್ದಾಗ ಎರಡರಿಂದ ನಾಲ್ಕು ಗಂಟೆಗಳಲ್ಲಿ ಆ ಹಂತ ಮುಟ್ಟುತ್ತದೆ. ಇಷ್ಟು ಅಂತರವೇಕೆ ಎಂಬುದು ಈ ಎರಡು ಯಂತ್ರಗಳ ಒಳಗನ್ನು ನೋಡಿದರೆ ಮಾತ್ರ ತಿಳಿಯುವಂಥದು.

ಮೋಟಾರೇ ಇಲ್ಲದ ಯಂತ್ರ

ಮನೆಯ ಫ್ರಿಡ್ಜಿನಲ್ಲಿ ಕಂಪ್ರೆಸರ್ ಎಂಬ ವಿದ್ಯುತ್ ಪಂಪು ಶೀತಕವನ್ನು, ಅಂದರೆ ಉಷ್ಣವನ್ನು ಒಳಗಿನಿಂದ ಹೊರಕ್ಕೆ ಸಾಗಿಸುವ ದ್ರವ್ಯವನ್ನು, ಒತ್ತಿ ಸುತ್ತು ಹಾಕಿಸುತ್ತದೆ. ಅಡುಗೆಮನೆಯಲ್ಲಿ ಆಗಾಗ ಕೇಳುವ ಗುಂಯ್‌ಗುಡುವಿಕೆ ಅದರದೇ. ಆರ್‌ವಿಯ ಸಾಂಪ್ರದಾಯಿಕ ಫ್ರಿಡ್ಜಿನಲ್ಲಿ ಈ ಪಂಪು ಇಲ್ಲ. ಮುಚ್ಚಿದ ಉಕ್ಕಿನ ಕೊಳವೆಗಳೊಳಗೆ ಅಮೋನಿಯ, ನೀರು ಮತ್ತು ಜಲಜನಕಗಳು ಕೇವಲ ಶಾಖದ ಬಲದಿಂದ ಸುತ್ತುತ್ತಿರುತ್ತವೆ. ಅಮೋನಿಯವನ್ನು ನೀರು ಹೀರಿಕೊಳ್ಳುವ ಗುಣವನ್ನೇ ಆಧರಿಸಿರುವುದರಿಂದ ಇದನ್ನು ಹೀರಿಕೆಯ ಫ್ರಿಡ್ಜ್ ಎನ್ನಬಹುದು. ಕೊಳವೆಗಳ ಬುಡದಲ್ಲಿ ಉರಿಯುವ ಪುಟ್ಟ ಪ್ರೊಪೇನ್ ಜ್ವಾಲೆಯಾಗಲಿ, ಅದರ ಬದಲಿಗೆ ಕೂರಿಸಿದ ವಿದ್ಯುತ್ ಕಾಯಿಸುರುಳಿಯಾಗಲಿ ಈ ಇಡೀ ವ್ಯವಸ್ಥೆಯ ಏಕೈಕ ಚಾಲಕಶಕ್ತಿ. ಬೆಂಕಿ ಹಚ್ಚಿದರೆ ಮಂಜುಗಡ್ಡೆ ಕಟ್ಟುತ್ತದೆ ಎಂಬುದು ಕೇಳುವುದಕ್ಕೆ ಒಗಟಿನಂತಿದ್ದರೂ ನೂರು ವರ್ಷಗಳಿಂದ ನಡೆದುಬಂದ ವಾಸ್ತವ.

ಅಮೋನಿಯವನ್ನು ನೀರಿನಲ್ಲಿ ಹೀರಿಸಿ ತಂಪು ಪಡೆಯುವ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರ ವೇಳೆಗೇ ರೂಪಿಸಿದ್ದನು. ಆದರೆ ಅದರಲ್ಲಿ ದ್ರವವನ್ನು ಕಡಿಮೆ ಒತ್ತಡದ ಕಡೆಯಿಂದ ಹೆಚ್ಚು ಒತ್ತಡದ ಕಡೆಗೆ ತಳ್ಳಲು ಪಂಪು ಬೇಕಾಗಿತ್ತು. ಆ ಪಂಪನ್ನೂ ಕೈಬಿಡಲು ಸಾಧ್ಯವೆಂದು ತೋರಿಸಿದವರು 1922ರಲ್ಲಿ ಸ್ಟಾಕ್‌ಹೋಮಿನ ರಾಯಲ್ ತಾಂತ್ರಿಕ ಸಂಸ್ಥೆಯಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆಷ್ ಎಂಬ ಇಬ್ಬರು ವಿದ್ಯಾರ್ಥಿಗಳು. ಅವರ ಆವಿಷ್ಕಾರದ ಹಕ್ಕನ್ನು 1925ರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಸಂಸ್ಥೆ ಕೊಂಡಿತು. ಅಮೆರಿಕದಲ್ಲಿ ಇಂಡಿಯಾನ ರಾಜ್ಯದ ಇವಾನ್ಸ್‌ವಿಲ್ ಪಟ್ಟಣದ ಸರ್ವೆಲ್ ಸಂಸ್ಥೆ ಇದೇ ತತ್ತ್ವದ ಅನಿಲ ಫ್ರಿಡ್ಜ್‌ಗಳನ್ನು ತಯಾರಿಸಿ ಮನೆಮನೆಗೆ ಮುಟ್ಟಿಸಿತು.

ಚಲಿಸುವ ಭಾಗಗಳಿಲ್ಲದ ಫ್ರಿಡ್ಜಿನ ಬೆನ್ನುಹತ್ತಿದವರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕೂಡ ಒಬ್ಬರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಕಾಲದ ಕಂಪ್ರೆಸರ್ ಫ್ರಿಡ್ಜ್‌ಗಳಿಂದ ವಿಷಾನಿಲ ಸೋರಿ ಜನ ಸಾಯುತ್ತಿದ್ದ ಸುದ್ದಿಗಳಿಂದ ಕಳವಳಗೊಂಡು, ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಜೊತೆಗೂಡಿ ಅವರು ರೂಪಿಸಿದ ಫ್ರಿಡ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅದು ಅಂಗಡಿಯ ಮುಖ ಕಾಣಲಿಲ್ಲ. ವಿದ್ಯಾರ್ಥಿಗಳಿಬ್ಬರ ಯಂತ್ರವೋ ವಿದ್ಯುತ್ತಿಲ್ಲದ ಊರುಗಳಲ್ಲಿ ಸೀಮೆಎಣ್ಣೆಯ ದೀಪದಿಂದ ನಡೆದು, ಅಭಿವೃದ್ಧಿಶೀಲ ದೇಶಗಳ ಲಸಿಕೆಗಳನ್ನು ಕಾಪಾಡಿ, ಸದ್ದು ಮಾಡದ ಕಾರಣಕ್ಕೆ ಹೋಟೆಲ್ ಕೋಣೆಗಳ ಪುಟ್ಟ ಮಿನಿಬಾರ್‌ಗಳಲ್ಲಿ ಸೇರಿಕೊಳ್ಳುತ್ತ ಇಂದಿಗೂ ಉಳಿದಿದೆ. ಹೋಟೆಲ್ ಕೋಣೆಯ ಫ್ರಿಡ್ಜಿನಲ್ಲಿಟ್ಟ ನೀರು ಬೆಳಗಾದರೂ ಸಾಕಷ್ಟು ತಣಿಯಲಿಲ್ಲವೆಂದು ಗೊಣಗಿರುವ ಓದುಗರಿಗೆ ಈ ಯಂತ್ರದ ಸ್ವಭಾವದ ಪರಿಚಯ ಆಗಲೇ ಆಗಿದೆ.

ಹೂಜಿಯೊಳಗಿನ ವಿಜ್ಞಾನ

ಕೊಳವೆಗಳ ಬುಡದಲ್ಲಿರುವ ಬಾಯ್ಲರ್‌ನಲ್ಲಿ ಅಮೋನಿಯ ಬೆರೆತ ನೀರು ಕಾಯುತ್ತದೆ. ನೀರಿಗಿಂತ ಬೇಗ ಆವಿಯಾಗುವ ಅಮೋನಿಯ ಗುಳ್ಳೆಗಳಾಗಿ ಸಣ್ಣ ಕೊಳವೆಯಲ್ಲಿ ಮೇಲೇರುತ್ತ ತನ್ನೊಡನೆ ದ್ರವವನ್ನೂ ಎತ್ತಿಕೊಂಡು ಹೋಗುವುದರಿಂದ ಈ ಗುಳ್ಳೆಗಳೇ ಇಲ್ಲಿ ಪಂಪಿನ ಕೆಲಸ ಮಾಡುತ್ತವೆ. ಮೇಲೇರಿದ ಅಮೋನಿಯದ ಆವಿ ಕಂಡೆನ್ಸರ್ ಎಂಬ, ಲೋಹದ ರೆಕ್ಕೆಗಳುಳ್ಳ ಕೊಳವೆಯಲ್ಲಿ ಹೊರಗಾಳಿಗೆ ತನ್ನ ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ಆ ದ್ರವ ಫ್ರಿಡ್ಜಿನ ಒಳಭಾಗಕ್ಕೆ ತಗುಲಿಕೊಂಡಿರುವ ಆವಿಕಾರಕಕ್ಕೆ, ಅಂದರೆ ಶೀತಕವು ಮತ್ತೆ ಆವಿಯಾಗುವ ಕೊಳವೆಗೆ ಇಳಿಯುತ್ತದೆ. ಅಲ್ಲಿ ಅದಕ್ಕಾಗಿ ಕಾದಿರುವುದು ಜಲಜನಕ.

ಜಲಜನಕದ ಪಾತ್ರವನ್ನು ತಿಳಿಯಲು ಬೇಸಿಗೆಯ ಮಣ್ಣಿನ ಹೂಜಿಯನ್ನು ನೆನೆದರೆ ಸಾಕು. ಹೂಜಿಯ ಮೈಯಿಂದ ಒಸರಿದ ನೀರು ಕುದಿಯದೆಯೇ ಆವಿಯಾಗುತ್ತದೆ, ಏಕೆಂದರೆ ಸುತ್ತಲಿನ ಒಣಗಾಳಿ ಆ ಆವಿಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಹಾಗೆ ಆವಿಯಾಗುವಾಗ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುವುದರಿಂದ ಹೂಜಿ ತಣ್ಣಗಾಗುತ್ತದೆ. ಫ್ರಿಡ್ಜಿನ ಕೊಳವೆಯಲ್ಲಿ ಒಣಗಾಳಿಯ ಜಾಗದಲ್ಲಿ ಜಲಜನಕವಿದೆ, ನೀರಿನ ಜಾಗದಲ್ಲಿ ಅಮೋನಿಯವಿದೆ. ಇಡೀ ವ್ಯವಸ್ಥೆಯೊಳಗಿನ ಒತ್ತಡ ವಾತಾವರಣದ ಒತ್ತಡದ ಇಪ್ಪತ್ತೈದು ಪಟ್ಟಿನ ಆಸುಪಾಸಿನಲ್ಲಿರುವಾಗಲೂ ಜಲಜನಕದ ನಡುವೆ ಅಮೋನಿಯ ಸಲೀಸಾಗಿ ಆವಿಯಾಗಿ, ಫ್ರೀಜರನ್ನು ಸೊನ್ನೆಗಿಂತ ಬಹಳ ಕೆಳಕ್ಕೆ ಇಳಿಸಬಲ್ಲದು. ಮಳೆಗಾಲದ ತೇವದ ಗಾಳಿಯಲ್ಲಿ ಹೂಜಿ ತನ್ನ ಗುಣ ಕಳೆದುಕೊಳ್ಳುವಂತೆ ಅಮೋನಿಯದಿಂದ ತುಂಬಿಹೋದ ಜಲಜನಕವೂ ಕೆಲಸಕ್ಕೆ ಬಾರದು. ಆದ್ದರಿಂದ ಅದು ಕೆಳಗಿಳಿದು, ಬಾಯ್ಲರ್‌ನಿಂದ ಮರಳಿ ಬರುವ ನೀರಿಗೆ ಅಮೋನಿಯವನ್ನು ಒಪ್ಪಿಸಿ, ಹಗುರಾಗಿ ಮತ್ತೆ ಮೇಲೇರುತ್ತದೆ.

ಮೊದಲ ಬಾರಿ ಫ್ರಿಡ್ಜ್ ಹಚ್ಚಿದವರನ್ನು ಗೊಂದಲಕ್ಕೆ ಕೆಡಹುವ ಸಂಗತಿಯೊಂದು ಇಲ್ಲಿಯೇ ಅಡಗಿದೆ. ಶುದ್ಧ ಜಲಜನಕವು ಅಮೋನಿಯವನ್ನು ಮೊದಲು ಸಂಧಿಸುವುದು ಫ್ರೀಜರಿನ ಭಾಗದಲ್ಲಾದ್ದರಿಂದ ಅತಿ ಹೆಚ್ಚಿನ ತಂಪು ಹುಟ್ಟುವುದು ಅಲ್ಲಿ. ಅರ್ಧ ತುಂಬಿದ ಜಲಜನಕ ಕೆಳಗಿನ ದೊಡ್ಡ ಖಾನೆಗೆ ಬರುವುದು ಆಮೇಲೆ. ಹೀಗಾಗಿ ಒಂದೆರಡು ಗಂಟೆಗಳಲ್ಲಿ ಫ್ರೀಜರಿನ ಗೋಡೆ ಕೈಗೆ ತಣ್ಣಗೆ ತಗುಲಿದರೂ ಕೆಳಗಿನ ಖಾನೆ ಹೊರಗಾಳಿಯಷ್ಟೇ ಬೆಚ್ಚಗಿರುತ್ತದೆ. ಇದು ದೋಷವಲ್ಲ; ಯಂತ್ರ ಸರಿಯಾದ ದಾರಿಯಲ್ಲಿದೆ ಎಂಬುದರ ಗುರುತು.

ಗಂಟೆಗಳ ಲೆಕ್ಕ

ಫ್ರಿಡ್ಜ್ ತಣ್ಣಗಾಗುವುದೆಂದರೆ ಒಳಗಿನ ಗಾಳಿ ತಣ್ಣಗಾಗುವುದೆಂಬ ಕಲ್ಪನೆ ಸಾಮಾನ್ಯವಾಗಿದೆ, ಆದರೆ ಲೆಕ್ಕ ಹಾಕಿದರೆ ಗಾಳಿಯ ಪಾಲು ನಗಣ್ಯ. ಆರ್‌ವಿಗಳಲ್ಲಿ ಹೆಚ್ಚಾಗಿ ಕಾಣುವ 170 ಲೀಟರ್ ಗಾತ್ರದ ಫ್ರಿಡ್ಜಿನಲ್ಲಿ ಹಿಡಿಯುವ ಗಾಳಿಯ ತೂಕ ಸುಮಾರು 200 ಗ್ರಾಂ. ಅದನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಐದಾರು ಕಿಲೋಜೌಲ್ ಮಾತ್ರ. ಅದೇ ಖಾನೆಯಲ್ಲಿ ನೀರಿನಂಶವೇ ಹೆಚ್ಚಾಗಿರುವ ಹತ್ತು ಕಿಲೋ ಆಹಾರ ಪದಾರ್ಥ ಇಟ್ಟರೆ ತೆಗೆಯಬೇಕಾದ ಶಾಖ ಸಾವಿರ ಕಿಲೋಜೌಲ್ ದಾಟುತ್ತದೆ. ಬಾಗಿಲು ತೆರೆದಾಗ ನುಗ್ಗುವ ಬಿಸಿಗಾಳಿಯ ಬಗ್ಗೆ ತಲೆಕೆಡಿಸಿಕೊಳ್ಳುವವರು ಒಳಗೆ ತಾವೇ ಇಟ್ಟ ಬೆಚ್ಚಗಿನ ಪಾತ್ರೆಯನ್ನು ಮರೆತುಬಿಡುತ್ತಾರೆ.

ಇನ್ನು ಯಂತ್ರದ ಬಲವನ್ನು ನೋಡಬೇಕು. ಈ ಗಾತ್ರದ ಹೀರಿಕೆಯ ಫ್ರಿಡ್ಜಿನ ಕಾಯಿಸುರುಳಿ ಮುನ್ನೂರು ವ್ಯಾಟ್‌ಗಿಂತ ತುಸು ಹೆಚ್ಚು ವಿದ್ಯುತ್ ಎಳೆಯುತ್ತದೆ, ಆದರೆ ಅದು ಒಳಗಿನಿಂದ ಹೊರಹಾಕುವ ಶಾಖ ಆ ಪ್ರಮಾಣದ ಐದನೇ ಒಂದು ಭಾಗದ ಹತ್ತಿರ ಮಾತ್ರ. ಅಂದರೆ 325 ವ್ಯಾಟ್ ಕೊಟ್ಟರೆ ಸಿಗುವುದು ಸುಮಾರು 65 ವ್ಯಾಟ್ ತಂಪು. ಕಂಪ್ರೆಸರ್‌ನ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ತಾನು ಪಡೆದ ವಿದ್ಯುತ್ತಿಗಿಂತ ಹೆಚ್ಚಿನ ಶಾಖವನ್ನು ಅದು ಹೊರಕ್ಕೆ ಸಾಗಿಸಬಲ್ಲದು. ಆ 65 ವ್ಯಾಟ್ ಪೂರ್ತಿಯಾಗಿ ಹತ್ತು ಕಿಲೋ ಆಹಾರಕ್ಕೇ ಮುಡಿಪಾದರೂ ಅದನ್ನು ತಣಿಸಲು ನಾಲ್ಕೂವರೆ ಗಂಟೆಗೂ ಮಿಕ್ಕಿ ಸಮಯ ಬೇಕು.

ಪೂರ್ತಿ ಮುಡಿಪಾಗುವುದಂತೂ ಇಲ್ಲ. ಮೊದಲ ಪಾಲು ಬಾಯ್ಲರ್ ಕಾದು ಗುಳ್ಳೆಗಳು ಸರಾಗವಾಗಿ ಏಳುವವರೆಗಿನ ಕಾಯುವಿಕೆಗೆ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ಕಿನ ಒಳಗೋಡೆ, ತಟ್ಟೆಗಳು, ಲೋಹದ ರೆಕ್ಕೆಗಳು, ಗೋಡೆಯೊಳಗಿನ ನೊರೆಪದರ ಇವೆಲ್ಲ ತಣಿಯಬೇಕು. ಖಾಲಿ ಫ್ರಿಡ್ಜಿಗೂ ಗಂಟೆಗಟ್ಟಲೆ ಹಿಡಿಯುವುದರ ಗುಟ್ಟು ಇದು. ಜೊತೆಗೆ ಒಳಗೆ ತಂಪು ಹೆಚ್ಚಿದಷ್ಟೂ ಹೊರಗಿನ ಶಾಖ ಗೋಡೆಗಳ ಮೂಲಕ ಒಳನುಸುಳುವ ವೇಗವೂ ಹೆಚ್ಚುತ್ತದೆ. ಹೊರಗೂ ಒಳಗೂ ಇಪ್ಪತ್ತೈದು ಡಿಗ್ರಿಗಳ ಅಂತರವಿದ್ದಾಗ ಇಪ್ಪತ್ತರಿಂದ ಮೂವತ್ತು ವ್ಯಾಟ್‌ನಷ್ಟು ಶಾಖ ಹೀಗೆ ಮರಳಿ ಬರುತ್ತದೆಯೆಂದು ಇಟ್ಟುಕೊಂಡರೆ, ತಂಪು ಮಾಡುವ ಬಲದ ಸುಮಾರು ಮೂರನೇ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಸೋರಿಕೆಯನ್ನು ತುಂಬಿಕೊಡುವುದರಲ್ಲೇ ಕರಗಿಹೋಯಿತು. ಆದ್ದರಿಂದ 30ರಿಂದ 20 ಡಿಗ್ರಿಗೆ ಇಳಿಯಲು ಹಿಡಿದ ಹೊತ್ತಿಗಿಂತ 14ರಿಂದ 4 ಡಿಗ್ರಿಗೆ ಇಳಿಯಲು ಹಿಡಿಯುವ ಹೊತ್ತು ಬಹಳ ಹೆಚ್ಚು. ಕೊನೆಯ ಮೂರು ನಾಲ್ಕು ಡಿಗ್ರಿಗಳಂತೂ ತೆವಳುತ್ತವೆ.

ನೀರು ಮಂಜುಗಡ್ಡೆಯಾಗುವಾಗ ಹೊರಬೀಳುವ ಶಾಖ ಇನ್ನೊಂದು ದೊಡ್ಡ ಖರ್ಚು. ಸೊನ್ನೆ ಡಿಗ್ರಿಯ ಒಂದು ಕಿಲೋ ನೀರನ್ನು ಅದೇ ಉಷ್ಣತೆಯ ಮಂಜುಗಡ್ಡೆಯಾಗಿಸಲು 334 ಕಿಲೋಜೌಲ್ ಶಾಖವನ್ನು ಹೊರತೆಗೆಯಬೇಕು, ಅಂದರೆ ಮೇಲಿನ ಫ್ರಿಡ್ಜಿಗೆ ಸುಮಾರು ಒಂದೂವರೆ ಗಂಟೆಯ ದುಡಿಮೆ. ಫ್ರಿಡ್ಜ್ ಹಚ್ಚಿದ ತಕ್ಷಣ ಐಸ್ ತಟ್ಟೆಗಳಲ್ಲಿ ನೀರು ತುಂಬಿ ಇಡುವುದು ಆದುದರಿಂದಲೇ ಅವಸರದ ಕೆಲಸ. ಇದೇ ಲೆಕ್ಕವನ್ನು ತಿರುಗಿಸಿದರೆ ಲಾಭವೂ ಉಂಟು: ಮನೆಯ ಫ್ರೀಜರಿನಲ್ಲಿ ಗಟ್ಟಿಯಾದ ಎರಡು ಕಿಲೋ ಮಂಜುಗಡ್ಡೆಯ ಬಾಟಲಿಗಳನ್ನು ಕೆಳಖಾನೆಯಲ್ಲಿಟ್ಟರೆ ಅವು ಕರಗುತ್ತ ಹೀರುವ ಶಾಖ, ಯಂತ್ರ ಮೂರು ಗಂಟೆ ಉರಿದು ಹೊರಹಾಕುವ ಶಾಖಕ್ಕೆ ಹತ್ತಿರಹತ್ತಿರ ಸಮ.

ವಾಲಿದರೆ ನಿಂತೀತು

ಪಂಪಿಲ್ಲದ ಯಂತ್ರದಲ್ಲಿ ದ್ರವಗಳು ಮರಳಿ ಕೆಳಕ್ಕೆ ಹರಿಯುವುದು ಭೂಮಿಯ ಸೆಳೆತದಿಂದ ಮಾತ್ರವಾದ್ದರಿಂದ ವಾಹನ ಸಮತಟ್ಟಾಗಿ ನಿಂತಿರಬೇಕೆಂಬ ನಿಯಮ ಹುಟ್ಟಿದೆ. ಬದಿಯಿಂದ ಬದಿಗೆ ಸುಮಾರು ಮೂರು ಡಿಗ್ರಿ, ಹಿಂದುಮುಂದಾಗಿ ಸುಮಾರು ಆರು ಡಿಗ್ರಿಗಳಿಗಿಂತ ಹೆಚ್ಚು ವಾಲಬಾರದೆಂದು ಇತ್ತೀಚಿನ ಮಾದರಿಗಳ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಓಡುವ ವಾಹನದಲ್ಲಿ ಕುಲುಕಾಟ ದ್ರವವನ್ನು ಅತ್ತಿತ್ತ ತೊನೆಸುತ್ತಿರುವುದರಿಂದ ತೊಂದರೆಯಿಲ್ಲ. ಇಳಿಜಾರಿನಲ್ಲಿ ಗಂಟೆಗಟ್ಟಲೆ ನಿಂತಾಗ ಮಾತ್ರ ದ್ರವ ಒಂದೆಡೆ ಮಡುಗಟ್ಟಿ ಬಾಯ್ಲರ್ ಒಣಗುತ್ತದೆ. ಕೊಳವೆಗಳಿಗೆ ತುಕ್ಕು ಹಿಡಿಯದಂತೆ ಬೆರೆಸಿರುವ ಸೋಡಿಯಂ ಕ್ರೋಮೇಟ್ ಎಂಬ ಹಳದಿ ಲವಣ ಅಂಥ ಅತಿಶಾಖದಲ್ಲಿ ಗಟ್ಟಿಗಟ್ಟಿ ದಾರಿ ಮುಚ್ಚಿದರೆ ಹಾನಿ ಶಾಶ್ವತ. ಫ್ರಿಡ್ಜಿನ ಹಿಂಬದಿಯಲ್ಲಿ ಹಳದಿ ಪುಡಿಯೋ ಮೂಗಿಗೆ ಅಡರುವ ಅಮೋನಿಯದ ವಾಸನೆಯೋ ಕಂಡರೆ ಕೊಳವೆ ಸೀಳಿದೆಯೆಂದೇ ಅರ್ಥ; ಕೂಡಲೇ ಆರಿಸಬೇಕು. ಸೋರುವ ಜಲಜನಕ ಉರಿಯುವ ಅನಿಲವೆಂಬುದು ಸಣ್ಣ ಮಾತಲ್ಲ: ಬಾಯ್ಲರ್ ಕೊಳವೆ ಬಿರಿದು ಬೆಂಕಿ ಹೊತ್ತುವ ಅಪಾಯದ ಕಾರಣಕ್ಕೆ 2006ರಲ್ಲಿ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಇಂಥ ಫ್ರಿಡ್ಜ್‌ಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಲಾಗಿತ್ತು.

ಕೆಟ್ಟ ಫ್ರಿಡ್ಜನ್ನು ಕಳಚಿ ತಲೆಕೆಳಗಾಗಿ ನಿಲ್ಲಿಸಿದರೆ ಒಳಗಿನ ದ್ರವ ಬೆರೆತು ಸರಿಹೋಗುತ್ತದೆಂಬ ನಂಬಿಕೆ ಹಳೆಯ ಪ್ರಯಾಣಿಕರಲ್ಲಿದೆ. ಲವಣ ಗಟ್ಟಿಯಾಗಿ ದಾರಿ ಮುಚ್ಚಿದ ಮೇಲೆ ಈ ಸರ್ಕಸ್ಸಿನಿಂದ ಬೆನ್ನುನೋವು ಬಿಟ್ಟು ಬೇರೇನೂ ಸಿಗದು.

ಅರಿಜೋನದ ಬಿಸಿಲು

ಹೊರಗಿನ ಹವೆ ಕಾಯುವ ಹೊತ್ತನ್ನು ಒಮ್ಮೊಮ್ಮೆ ಇಮ್ಮಡಿಗೊಳಿಸುತ್ತದೆ. ವ್ಯವಸ್ಥೆಯೊಳಗಿನ ಒತ್ತಡದಲ್ಲಿ ಅಮೋನಿಯ ದ್ರವವಾಗುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ಅರಿಜೋನ, ನೆವಾಡಗಳ ಮರುಭೂಮಿಯಲ್ಲಿ ಹೊರಗೆ 42 ಡಿಗ್ರಿ ಇರುವಾಗ, ಬಿಸಿಲು ನೇರವಾಗಿ ಬೀಳುವ ಗೋಡೆಯ ಹಿಂದಿನ ಇಕ್ಕಟ್ಟಿನಲ್ಲಿ, ಕೆಳಗೆ ಜ್ವಾಲೆಯೂ ಉರಿಯುತ್ತಿರುವಾಗ ಕಂಡೆನ್ಸರ್ ಸುತ್ತಲಿನ ಗಾಳಿ ಆ ಮಿತಿಯ ಹತ್ತಿರಕ್ಕೆ ಬಂದುಬಿಡುತ್ತದೆ. ಆಗ ಉರಿ ಎಷ್ಟೇ ಇದ್ದರೂ ದ್ರವ ಅಮೋನಿಯ ಸಾಲದೆ ಒಳಗಿನ ತಂಪು ಮುಂದಕ್ಕೆ ಹೋಗದೆ ನಿಲ್ಲುತ್ತದೆ. ವಾಹನದ ಹೊರಮೈಯಲ್ಲಿ ಕೆಳಗೊಂದು, ಮೇಲೊಂದು ಜಾಲರಿ ಇರಿಸಿ ಗಾಳಿ ತಾನಾಗಿ ಮೇಲೇಳುವಂತೆ ಮಾಡಿರುವುದು ಇದಕ್ಕಾಗಿಯೇ. ಆ ದಾರಿಯಲ್ಲಿ ಹಕ್ಕಿಗೂಡು, ಜೇಡರಬಲೆ, ಧೂಳು ಸೇರಿಕೊಂಡಿದ್ದರೆ ಒಳಗಿನ ಹಾಲು ಕೆಡುತ್ತದೆ. ಫ್ರಿಡ್ಜಿನ ಬದಿಯನ್ನು ನೆರಳಿಗೆ ತಿರುಗಿಸಿ ನಿಲ್ಲಿಸುವುದು, ಜಾಲರಿಯ ಹಿಂದೆ ಸಣ್ಣ ಫ್ಯಾನ್ ಕೂರಿಸುವುದು ಅಗ್ಗದ ಉಪಾಯಗಳಾದರೂ ಫಲ ಕೊಡುತ್ತವೆ. ಎತ್ತರದ ಬೆಟ್ಟಗಳಲ್ಲಿ ಸಮಸ್ಯೆ ಬೇರೆಯದು: ಸುಮಾರು 1,700 ಮೀಟರಿಗಿಂತ ಮೇಲೆ ಗಾಳಿ ತೆಳುವಾಗಿ ಜ್ವಾಲೆ ಸರಿಯಾಗಿ ಉರಿಯದೆ ಹೋಗಬಹುದಾದ್ದರಿಂದ ಅಲ್ಲಿ ವಿದ್ಯುತ್ ಸಂಪರ್ಕವಿದ್ದರೆ ಅದನ್ನೇ ಬಳಸುವುದು ಲೇಸು.

ದೋಸೆ ಹಿಟ್ಟು ಯಾವಾಗ ಒಳಕ್ಕೆ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಕಾರ ಫ್ರಿಡ್ಜ್ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿರಬೇಕು, ಫ್ರೀಜರ್ ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕು. ಬೇಗ ಕೆಡುವ ಪದಾರ್ಥ ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು, 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಬಾರದು. ತಣಿಯದ ಫ್ರಿಡ್ಜಿನಲ್ಲಿ ಆಹಾರವಿಟ್ಟು ಹೊರಡುವುದೆಂದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟಂತೆಯೇ; ದೋಸೆ ಹಿಟ್ಟಾದರೆ ಉಕ್ಕಿ ಹರಿದು ತಾನೇ ದೂರು ಹೇಳುತ್ತದೆ, ಮಾಂಸ ಮತ್ತು ಹಾಲು ಸದ್ದಿಲ್ಲದೆ ಕೆಡುತ್ತವೆ.

ಆದುದರಿಂದ ಹೊರಡುವ ಹಿಂದಿನ ದಿನವೇ ವಾಹನವನ್ನು ಸಮತಟ್ಟಾದ ಜಾಗದಲ್ಲಿ, ಬೇಕಿದ್ದರೆ ರಸಮಟ್ಟವಿಟ್ಟು ನೋಡಿ ನಿಲ್ಲಿಸಿ, ಮನೆಯ ವಿದ್ಯುತ್ತಿಗೆ ಜೋಡಿಸಿ, ಫ್ರಿಡ್ಜನ್ನು ರಾತ್ರಿಯಿಡೀ ಖಾಲಿಯಾಗಿ ಓಡಿಸುವುದು ವಾಡಿಕೆ. ಬೆಳಿಗ್ಗೆ ಒಳಗೆ ಸೇರಿಸುವ ಪ್ರತಿಯೊಂದು ವಸ್ತುವೂ ಮನೆಯ ಫ್ರಿಡ್ಜಿನಲ್ಲಿ ಆಗಲೇ ತಣಿದಿರಬೇಕು, ಏಕೆಂದರೆ ಈ ಯಂತ್ರಕ್ಕೆ ತಂಪನ್ನು ಉಳಿಸಿಕೊಳ್ಳುವ ಬಲವಿರುವಷ್ಟು ಬಿಸಿಯನ್ನು ಇಳಿಸುವ ಬಲವಿಲ್ಲ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆಯನ್ನು ನೇರವಾಗಿ ಒಳಗಿಟ್ಟರೆ ಇಡೀ ರಾತ್ರಿಯ ಸಿದ್ಧತೆ ನೀರುಪಾಲು. ಖಾನೆಯನ್ನು ಸಂದಿಲ್ಲದಂತೆ ತುಂಬಿದರೂ ಲೋಹದ ರೆಕ್ಕೆಗಳ ಬಳಿಯ ತಂಪುಗಾಳಿ ಓಡಾಡದೆ ಮುಂಬದಿಯ ಸಾಮಾನು ಬೆಚ್ಚಗೇ ಉಳಿಯುತ್ತದೆ. ಉಷ್ಣತೆ ಅಳೆಯುವಾಗಲೂ ಥರ್ಮಾಮೀಟರನ್ನು ನೀರು ತುಂಬಿದ ಲೋಟದಲ್ಲಿ ಇಟ್ಟರೆ ಸಿಗುವ ಅಂಕಿ ಆಹಾರದ ನಿಜಸ್ಥಿತಿಗೆ ಹತ್ತಿರ. ಗಾಳಿಯ ಉಷ್ಣತೆ ಬಾಗಿಲು ತೆರೆದ ಕ್ಷಣಕ್ಕೆ ಏರಿಬಿಡುತ್ತದೆ.

ದಾರಿಯಲ್ಲಿ ಉರಿಯನ್ನು ಹೊತ್ತಿಸಿಕೊಂಡೇ ಸಾಗಬೇಕೇ ಎಂಬುದರಲ್ಲಿ ಅನುಭವಿಗಳೇ ಎರಡು ಪಂಗಡ. ಇಂಧನ ತುಂಬಿಸುವಾಗ ಆರಿಸಲೇಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಾಲ್ಟಿಮೋರ್ ಬಂದರಿನ ಸುರಂಗದಂಥ ಕೆಲವು ಕಡೆ ನಿಗದಿತ ಮಿತಿಗಿಂತ ಹೆಚ್ಚು ಪ್ರೊಪೇನ್ ಹೊತ್ತ ವಾಹನಗಳಿಗೆ ಪ್ರವೇಶವೇ ಇಲ್ಲ. ಒಮ್ಮೆ ಚೆನ್ನಾಗಿ ತಣಿದ ಫ್ರಿಡ್ಜ್ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ಆಹಾರವನ್ನು ಕಾಪಾಡುತ್ತದೆಯಾದ್ದರಿಂದ ಒಂದು ಬೆಳಗಿನ ಪಯಣಕ್ಕೆ ಆರಿಸಿ ಹೋಗುವುದೇ ವಿವೇಕದ ದಾರಿ.

ಮತ್ತೆ ಕಂಪ್ರೆಸರ್

ಇಷ್ಟೆಲ್ಲ ನಿಯಮಗಳಿಗೆ ಒಳಪಟ್ಟ, ನಿಧಾನದ, ದುಂದಿನ ಯಂತ್ರ ಇಷ್ಟು ಕಾಲ ಹೇಗೆ ಉಳಿಯಿತೆಂದರೆ ಅದಕ್ಕೆ ವಿದ್ಯುತ್ ಬೇಡವಾಗಿದ್ದುದೇ ಕಾರಣ. ಕಾಡಿನ ಅಂಚಿನಲ್ಲಿ, ಯಾವ ತಂತಿಯೂ ತಲುಪದ ಕಡೆ, ಒಂಬತ್ತು ಕಿಲೋ ಪ್ರೊಪೇನಿನ ಒಂದು ಸಿಲಿಂಡರ್ ಬರೇ ಫ್ರಿಡ್ಜಿಗೆಂದು ಮೀಸಲಾದರೆ ಹತ್ತು ದಿನಗಳಿಗೂ ಹೆಚ್ಚು ನಡೆಸುತ್ತದೆ. ಹಳೆಯ ಸೀಸ-ಆಮ್ಲದ ಬ್ಯಾಟರಿಯನ್ನು ನಂಬಿದ ಕಂಪ್ರೆಸರ್ ಒಂದೆರಡು ದಿನಗಳಲ್ಲೇ ಅದನ್ನು ಬರಿದು ಮಾಡುತ್ತಿತ್ತು. ಲಿಥಿಯಂ ಬ್ಯಾಟರಿಗಳೂ ಚಾವಣಿಯ ಸೌರಫಲಕಗಳೂ ಅಗ್ಗವಾದಂತೆ ಈ ಲೆಕ್ಕ ತಲೆಕೆಳಗಾಗಿದೆ. ಹೊಸ ಆರ್‌ವಿಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್‌ಗಳು ವೇಗವಾಗಿ ಜಾಗ ಹಿಡಿಯುತ್ತಿವೆ. ಅವಕ್ಕೆ ವಾಹನ ವಾಲಿದರೂ ಚಿಂತೆಯಿಲ್ಲ, ಹೊರಗೋಡೆಯ ಜಾಲರಿಯೂ ಬೇಕಿಲ್ಲ, ತಣಿಯಲು ಇಡೀ ರಾತ್ರಿಯೂ ಬೇಡ. ಹಳೆಯ ವಾಹನಗಳ ಮಾಲೀಕರಲ್ಲಿ ಕೆಲವರು ಫ್ರಿಡ್ಜಿನ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿ, ಹಿಂಬದಿಯ ಅಮೋನಿಯದ ಕೊಳವೆಗಳನ್ನು ಕಳಚಿ ಅಲ್ಲಿ ಕಂಪ್ರೆಸರ್ ಘಟಕವನ್ನು ಜೋಡಿಸಿಕೊಳ್ಳುತ್ತಿದ್ದಾರೆ. ವಾರಗಟ್ಟಲೆ ಮರದ ನೆರಳಿನಲ್ಲಿ ಬಿಡಾರ ಹೂಡುವವರು, ಸೌರಫಲಕಕ್ಕೆ ಬಿಸಿಲೇ ಸಿಗದ ಉತ್ತರದ ಕಾಡುಗಳಿಗೆ ಹೋಗುವವರು ಮಾತ್ರ ಉರಿಯ ಫ್ರಿಡ್ಜನ್ನು ಬಿಟ್ಟುಕೊಡಲು ಇನ್ನೂ ಒಪ್ಪಿಲ್ಲ.